ಅಂಚು ದಾಟದ ಮುದ್ರೆ

ಸ್ಕ್ಯಾನರಿನ ಗಾಜಿನ ಮೇಲೆ ಆ ಸ್ಟ್ಯಾಂಪನ್ನು ಮಗುಚಿ ಇಟ್ಟು ಮುಚ್ಚಳ ಹಾಕಿದಾಗ, ಜೀವವಿರುವ ಏನನ್ನೋ ಕತ್ತಲಿಗೆ ತಳ್ಳಿದೆನೇನೋ ಎಂದು ಶ್ರೀಲತಾಳಿಗೆ ಅನ್ನಿಸಿತು. ಬೆಳಿಗ್ಗೆ ಒಂಬತ್ತೂವರೆ. ಶಿಕಾರಿಪುರದ ತಾಲ್ಲೂಕು ಕಚೇರಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಅದು ತೆರೆದ ಮೇಲೆಯೇ ಎದುರಿನ ಅವಳ ಝೆರಾಕ್ಸ್ ಅಂಗಡಿಗೆ ಪಹಣಿ, ಆಧಾರ್, ರೇಷನ್ ಕಾರ್ಡು ಹಿಡಿದವರು ಬರುವುದು. ಬೆಳಕಿನ ಗೆರೆಯೊಂದು ಗಾಜಿನಡಿ ಮೆಲ್ಲಗೆ ತೆವಳಿತು. ಯಂತ್ರಕ್ಕೆ ಆಗುವಷ್ಟೂ ದೊಡ್ಡದಾಗಿ ತೆಗೆ ಎಂದು ಹೇಳಿದ್ದರಿಂದ ಅದು ಸಾಗಲಾರದೆ ಸಾಗುತ್ತಿತ್ತು. ಆಮೇಲೆ ಪರದೆಯ ತುಂಬ ಒಂದು ಕೋಳಿಮರಿ ನಿಂತುಕೊಂಡಿತು. ಉಗುರಿನಷ್ಟಿದ್ದ ಚಿತ್ರ. ಅದರ ಮೈಯ ಒಂದೊಂದು ರೋಮವನ್ನೂ ಯಾರೋ ಗೆರೆ ಎಳೆದು ಬಿಟ್ಟಿದ್ದರು. ಆ ಗೆರೆಗಳ ಮೇಲೆ ಅಂಚೆಯ ಮುದ್ರೆಯ ಕಪ್ಪು ವೃತ್ತ ಹಾದು, ಸ್ಟ್ಯಾಂಪಿನ ಹಲ್ಲುಹಲ್ಲಿನ ಅಂಚನ್ನು ದಾಟಿ, ಪಕ್ಕದ ಕವರಿನ ಚೂರಿನ ಮೇಲೂ ಮುಂದುವರಿದು ಕೂಡಿಕೊಂಡಿತ್ತು. ಹದಿನೆಂಟು ವರ್ಷದಿಂದ ಇದೇ ಗಾಜಿನ ಮೇಲೆ ಊರಿನವರ ಹುಟ್ಟು ಸಾವು ಜಮೀನು ಎಲ್ಲವನ್ನೂ ಮಗುಚಿ ಇಟ್ಟವಳು ಅವಳು. ಮೊದಲು ಗಂಡ ಸುರೇಶನ ಜೊತೆ, ಅವನು ಹೋದ ಈ ನಾಲ್ಕು ವರ್ಷ ಒಬ್ಬಳೇ. ಆದರೆ ಯಾವ ಕಾಗದವನ್ನೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಇಷ್ಟು ಸಣ್ಣದರೊಳಗೆ ಇಷ್ಟೆಲ್ಲ ಇರುತ್ತದೆ ಎಂಬುದೇ ಅವಳಿಗೆ ಸ್ವಲ್ಪ ಭಯ ಹುಟ್ಟಿಸಿತು.

ಸ್ಟ್ಯಾಂಪುಗಳು ಅವಳವಲ್ಲ, ದೊಡ್ಡಮ್ಮ ಮೂಕಮ್ಮನವು. ಸೊರಬದ ಕಡೆಯ ಉಳವಿಯಲ್ಲಿ ತಮ್ಮನ ಮಗ ಸುರೇಂದ್ರನ ಮನೆಯಲ್ಲಿರುವ ಮೂಕಮ್ಮನಿಗೆ ಈಗ ಎಂಬತ್ತೆರಡು. ಹಳೇ ಸ್ಟ್ಯಾಂಪಿಗೆ ಲಕ್ಷ ಲಕ್ಷ ಸಿಗುತ್ತದೆಂದು ಸುರೇಂದ್ರನ ಹೆಂಡತಿ ಹೂವಮ್ಮ ಮೊಬೈಲಿನಲ್ಲಿ ನೋಡಿ, ಅತ್ತೆಯ ಪೌಡರ್ ಡಬ್ಬಿಯನ್ನು ನೆನಪಿಸಿಕೊಂಡಿದ್ದಳು. ಕಳೆದ ಸೋಮವಾರ ಶ್ರೀಲತಾ ಹೋಗಿದ್ದಾಗ ಮೂಕಮ್ಮ ಡಬ್ಬಿಯನ್ನು ಸೊಸೆಯ ಕೈಗೆ ಕೊಡದೆ ಇವಳ ಮಡಿಲಿಗೇ ಇಟ್ಟು, "ನೀನೇ ನೋಡಿ ಹೇಳು ಹುಡ್ಗಿ. ಬೆಲೆ ಎಂತ ಅಂತ ನಿಂಗೆ ಗೊತ್ತಾಗ್ತದೆ" ಎಂದಿದ್ದಳು. ಐವತ್ತನಾಲ್ಕರ ಹೆಂಗಸನ್ನು ಹುಡುಗಿ ಎನ್ನುವವರು ಈಗ ಅವಳೊಬ್ಬಳೇ. ಬಸ್ಸಿನಲ್ಲಿ ಆ ಡಬ್ಬಿ ತೊಡೆಯ ಮೇಲೆ ಕೆಂಡದ ಹಾಗೆ ಇತ್ತು. ಬೇಡ ಅನ್ನಬೇಕಿತ್ತು, ಅನ್ನಲಾಗಲಿಲ್ಲ. ಮೂಕಮ್ಮನಿಗೆ ಬೇಡ ಅನ್ನುವ ಹಕ್ಕನ್ನು ಅವಳು ಹನ್ನೊಂದನೇ ವಯಸ್ಸಿನಲ್ಲೇ ಕಳೆದುಕೊಂಡಿದ್ದಳು. ಹಣೆಯ ಮೇಲೆ ಅಷ್ಟಗಲ ಕುಂಕುಮವಿಟ್ಟುಕೊಂಡು, ಮದುವೆ ಮನೆಗಳಲ್ಲಿ ಮೊದಲ ಆರತಿಗೆ ಕರೆಸಿಕೊಳ್ಳುತ್ತಿದ್ದ ಆ ಮುತ್ತೈದೆ ಮುತ್ತೈದೆಯಲ್ಲ ಎಂಬುದು ಲೋಕದಲ್ಲಿ ತನಗೊಬ್ಬಳಿಗೇ ಗೊತ್ತು. ಹೇಳಿಬಿಡಬೇಕು, ಅವಳು ಕಣ್ಣು ಮುಚ್ಚುವುದರೊಳಗೆ ಹೇಳಿಬಿಡಬೇಕು ಎಂದು ಪ್ರತಿ ಸಲ ಉಳವಿಯ ಬಸ್ಸು ಹತ್ತುತ್ತಾಳೆ. ಪ್ರತಿ ಸಲ ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಹೇಳದೆ ಬರುತ್ತಾಳೆ.

"ಏನ್ ತಂಗಿ, ಕಂಪ್ಯೂಟರ್‌ನಾಗೆ ಕೋಳಿ ಸಾಕಾಕೆ ಶುರು ಮಾಡಿದ್ಯಾ?"

ಪರಮಶಿವಪ್ಪನವರು. ಪೇಟೆಯಲ್ಲಿ ಸೀರೆ ಅಂಗಡಿ ಇದ್ದವರು, ಅದನ್ನೀಗ ಮಗ ಮಲ್ಲಿಕಾರ್ಜುನನಿಗೆ ವಹಿಸಿ ಕೈ ಬೀಸಿಕೊಂಡು ಓಡಾಡುವವರು. ಐವತ್ತು ವರ್ಷದಿಂದ ಸ್ಟ್ಯಾಂಪು ಕೂಡಿಡುವ ಹುಚ್ಚಿನವರೆಂದು ಊರಿಗೆಲ್ಲ ಗೊತ್ತು. ಅವಳೇ ನಿನ್ನೆ ಫೋನು ಮಾಡಿ ಬರಹೇಳಿದ್ದಳು. ಅವರು ಸ್ಟೂಲಿನ ಮೇಲೆ ಕೂತು ಜೇಬಿನಿಂದ ಮಡಚುವ ಭೂತಗನ್ನಡಿ ತೆಗೆದರು. ಬಟ್ಟೆಯ ನೂಲೆಳೆ ಎಣಿಸಲು ಇಟ್ಟುಕೊಂಡಿದ್ದ ಅದೇ ಕನ್ನಡಿ. ಡಬ್ಬಿಯನ್ನು ಕೌಂಟರಿನ ಮೇಲೆ ಸುರಿದು, ಒಂದೊಂದನ್ನೇ ಚಿಮಟಿಯಿಂದ ಎತ್ತಿ ನೋಡಿದರು. ಕೋಳಿಮರಿ, ಮಗ್ಗ, ಹತ್ತಿಗಿಡ, ಜೋಳ ಕೊಯ್ಯುವವರು. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಲಕ್ಷದ ಆಸೆಯಿಂದಲ್ಲ, ವೈದ್ಯರು ಎದೆಗೆ ಕೊಳವೆ ಇಟ್ಟು ಆಲಿಸುವಾಗ ನಿಲ್ಲುವ ಹಾಗೆ.

"ಮೊಬೈಲ್‌ನಾಗೆ ಭಾರಿ ರೇಟು ಅಂತಾರಂತಲ್ರಿ?"

"ಅಂಗಾಗಿದ್ರೆ ನಾನ್ಯಾಕೆ ಹೆಣ್ಮಕ್ಳ ಮುಂದೆ ಸೀರೆ ಹರವ್ಕೊಂಡು ಕೂರ್ತಿದ್ದೆ, ಜೀವಮಾನ ಪೂರ್ತಿ?" ಅವರು ನಕ್ಕರು. "ಕೋಟಿಗಟ್ಲೆ ಅಚ್ಚಾಗಿದ್ದು ತಂಗಿ ಇವು. ರೇಟಿಲ್ಲ. ಆದ್ರೆ ಒಂದು ಮಾತು, ಇಟ್ಟೋರು ಬಾಳ ಹುಷಾರಿ. ನೀರಿಗೆ ಹಾಕಿ ಕೀಳಲಿಲ್ಲ ನೋಡು, ಸುತ್ತ ಕವರು ಬಿಟ್ಟು ಕತ್ತರಿಸ್ಯಾರೆ. ಈ ಮುದ್ರೆ ಐತಲ್ಲ, ಅರ್ಧ ಸ್ಟ್ಯಾಂಪಿನ ಮೇಲೆ, ಅರ್ಧ ಕವರಿನ ಮೇಲೆ. ಎರಡನ್ನೂ ಸೇರಿಸಿ ಹೊಲಿಗೆ ಹಾಕಿದಂಗೆ. ಈ ಸ್ಟ್ಯಾಂಪು ಈ ಕಾಗದದ್ದೇ ಅನ್ನಾಕೆ ಅದೇ ಸಾಕ್ಷಿ. ನಾವು ಹುಚ್ಚರು ನೋಡೋದು ಅದನ್ನೇ." ಆಮೇಲೆ ಡಬ್ಬಿಯ ತಳಕ್ಕೆ ಬೆರಳು ಹಾಕಿ, "ಇದ್ರಾಗೇನೈತೆ?" ಎಂದರು.

ಮಡಚಿದ ರವಿಕೆ ಕಣ. ಹಸಿರು ಬಣ್ಣದ್ದು, ಉಡಿ ತುಂಬುವಾಗ ಇಡುವಂಥದು. ಡಬ್ಬಿಯ ತಳಕ್ಕೆ ಮೆತ್ತಗಿರಲೆಂದು ಹಾಕಿದ್ದಾಳೆಂದುಕೊಂಡು ಶ್ರೀಲತಾ ಅದನ್ನು ಬಿಚ್ಚಿಯೇ ಇರಲಿಲ್ಲ. ಪರಮಶಿವಪ್ಪ ಬಿಚ್ಚಿದರು. ಒಳಗೆ ಒಂಬತ್ತು ಚೂರುಗಳಿದ್ದವು. ಕಣದ ಅರಿಸಿನದ ಹಳದಿ ಅವಕ್ಕೂ ಹತ್ತಿತ್ತು. ಮೊದಲನೆಯದರ ಮೇಲೆ ಸಂಸಾರದ ಚಿತ್ರ. ಮೂವತ್ತೈದು ಪೈಸೆಯದು.

ಅದನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಉಳವಿಯ ಶಾಲೆಯ ಪಕ್ಕದಲ್ಲೇ ಅಂಚೆಮನೆ. ಶಾಲೆ ಬಿಡುವ ಹೊತ್ತಿಗೆ ಅಂಚೆಯವರು ಆಯಾ ಕೇರಿಯ ಮಕ್ಕಳನ್ನು ಕರೆದು ಕಾಗದ ಕೊಟ್ಟು ಕಳಿಸುತ್ತಿದ್ದರು. ದೊಡ್ಡಮ್ಮನ ಮನೆಯಲ್ಲಿ ಓದಲಿಕ್ಕಿದ್ದ ಹನ್ನೊಂದರ ಹುಡುಗಿಗೆ, ಗೋವೆಯ ವಾಸ್ಕೋ ಬಂದರಿನಲ್ಲಿ ಹಡಗಿಗೆ ಅದಿರು ತುಂಬಲು ಹೋಗಿದ್ದ ದೊಡ್ಡಪ್ಪ ಜಟ್ಟಪ್ಪನ ಕಾಗದ ತರುವುದೂ, ಅಕ್ಷರ ಬಾರದ ದೊಡ್ಡಮ್ಮನಿಗೆ ಅದನ್ನು ಓದುವುದೂ ಕೆಲಸ. ಕಾಗದವೆಂದರೆ ಎಲ್ಲ ಸೇರಿ ಮೂರು ಸಾಲು. ನಾನು ಕ್ಷೇಮ. ಮಳೆ ಹೇಗೆ. ಕಂದು ಹಸು ಗಬ್ಬವಾಯಿತೇ. ಆ ಡಿಸೆಂಬರಿನಲ್ಲಿ ಬಂದ ಕವರಿನ ಅಕ್ಷರ ಬೇರೆಯಾಗಿತ್ತು. ಹಲಸಿನ ಮರದ ಬುಡದಲ್ಲಿ ನಿಂತು ಒಡೆದಳು. ಜೊತೆಯ ಕೆಲಸಗಾರನೊಬ್ಬ ಬರೆದಿದ್ದ. ಹಗ್ಗ ಹರಿದು ಅದಿರಿನ ತೊಟ್ಟಿ ಮೈಮೇಲೆ ಬಿತ್ತಂತೆ, ಹತ್ತು ದಿನದ ಹಿಂದೆ, ಇಲ್ಲಿಯ ಕನ್ನಡದವರೇ ಸೇರಿ ಮಣ್ಣು ಮಾಡಿದೆವು ಎಂದು. ಅವಳಿಗೆ ಅಳು ಬರಲಿಲ್ಲ. ಸಾವಿನ ಕಾಗದ ಬಂದರೆ ಏನು ಮಾಡಬೇಕೆಂದು ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು. ದೊಡ್ಡವರು ಮಾಡುವುದನ್ನು ನೋಡಿದ್ದಳು. ಓದಿದ ತಕ್ಷಣ ಹರಿದುಬಿಡಬೇಕು, ಅದು ಮನೆಯೊಳಗೆ ಬರಬಾರದು. ಹರಿದಳು. ಚೂರುಗಳನ್ನು ಕಾಲುವೆಗೆ ಬಿಟ್ಟಳು. ತಲೆಯ ಮೇಲೆ ನೀರು ಹುಯ್ದುಕೊಳ್ಳದೆ ಒಳಗೆ ಹೋಗಬಾರದು. ಹಿತ್ತಲ ಬಾವಿಕಟ್ಟೆಯಲ್ಲಿ ಎರಡು ಕೊಡ ಹುಯ್ದುಕೊಂಡಳು. ಅಂಗೈಯಲ್ಲಿ ಒಂದು ಚೂರು ಉಳಿದುಹೋಗಿತ್ತು. ನೀರಿಗೆ ಸ್ಟ್ಯಾಂಪು ತಾನಾಗಿಯೇ ಬಿಟ್ಟುಕೊಂಡು ಬಂತು. ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದ ಹುಡುಗಿಗೆ, ಮೊದಲು ದೊಡ್ಡಮ್ಮನಿಗೆ ಹೇಳಬೇಕೆಂಬುದು ಒಂದೇ ಮರೆತಿತ್ತು. ಮೊರ ಹಿಡಿದು ಅಕ್ಕಿ ಕೇರುತ್ತಿದ್ದ ದೊಡ್ಡಮ್ಮ ತಲೆ ಎತ್ತದೆ, "ಕಾಗದ ಬಂತನೆ?" ಎಂದಳು. "ಇಲ್ಲ" ಎಂಬುದು ಬಾಯಿಂದ ತಾನೇ ಬಿದ್ದುಹೋಯಿತು. ಆಮೇಲೆ ಎತ್ತಿಕೊಳ್ಳಲು ಆಗಲಿಲ್ಲ. ತೋರಿಸಲು ಕಾಗದವೂ ಇರಲಿಲ್ಲ.

"ಇವು ಖೋಟಾ ತಂಗಿ," ಎಂದರು ಪರಮಶಿವಪ್ಪ.

ಅವಳು ಬಗ್ಗಿ ಝೆರಾಕ್ಸ್ ಯಂತ್ರದ ಕಾಗದದ ತಟ್ಟೆಯನ್ನು ಎಳೆದಳು, ಮತ್ತೆ ತಳ್ಳಿದಳು.

"ಹೊಲಿಗೆ ಇಲ್ಲ ನೋಡು. ಮುದ್ರೆ ಸ್ಟ್ಯಾಂಪಿನ ಅಂಚಿಗೆ ಬಂದು ನಿಂತುಬಿಡ್ತೈತೆ. ಕವರಿನ ಮೇಲೆ ದಾಟೇ ಇಲ್ಲ. ಯಾವುದೋ ಕಾಗದದ್ದು ಕಿತ್ತು ಯಾವುದಕ್ಕೋ ಹಚ್ಯಾರೆ. ಅಂಚೆಯೋರಿಗೇ ಟೋಪಿ! ಯಾವನೋ ಕಳ್ಳ ನನ್ಮಗ ಇರ್ಬೇಕು."

ಕಿವಿಯ ತುದಿಗಳು ಸುಟ್ಟವು. ನಾಲ್ಕು ದಶಕ ಕಳೆದ ಮೇಲೆ, ತನ್ನದೇ ಅಂಗಡಿಯಲ್ಲಿ, ಒಬ್ಬ ಸಾಹುಕಾರರು ನಗುತ್ತಾ ತನ್ನನ್ನು ಕಳ್ಳನೆಂದು ಕರೆಯುತ್ತಿದ್ದಾರೆ, ಕರೆಯುತ್ತಿರುವುದು ಯಾರನ್ನೆಂದು ಅವರಿಗೆ ಗೊತ್ತಿಲ್ಲ. ತಿಂಗಳೊಪ್ಪತ್ತು ದಿನವೂ "ಕಾಗದ ಬಂತನೆ" ಎಂಬ ಪ್ರಶ್ನೆ ಕೇಳಿ ಕೇಳಿ, ಹುಡುಗಿ ನೋಟ್‌ಬುಕ್ಕಿನ ಹಾಳೆಯಲ್ಲಿ ತಾನೇ ಬರೆದಳು. ಮೇಷ್ಟರು ಬಿಸಾಡಿದ ಕವರನ್ನು ಮಗುಚಿ ಅಂಟಿಸಿ, ಅನ್ನದ ಅಗುಳಿನಿಂದ ಆ ಸಂಸಾರದ ಸ್ಟ್ಯಾಂಪನ್ನು ಹಚ್ಚಿದಳು. ದೊಡ್ಡಪ್ಪನಾಗಿ ಏನು ಬರೆಯಬೇಕೆಂದು ತಿಳಿಯದೆ, ದೊಡ್ಡಮ್ಮನಿಗೆ ಏನು ಕೇಳಿದರೆ ಚೆಂದವೋ ಅದನ್ನು ಬರೆದಳು. ನಿನ್ನ ಕಾಲುನೋವು ಹೇಗಿದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೋ. ಇಲ್ಲಿಯ ಸಮುದ್ರ ನೋಡಿದರೆ ನಮ್ಮ ಕೆರೆ ನೆನಪಾಗುತ್ತದೆ. ಶಾಲೆಯ ಕಸದಬುಟ್ಟಿಯಿಂದ ಹೆಕ್ಕಿದ ಸ್ಟ್ಯಾಂಪು ಹಚ್ಚುತ್ತಾ ಎರಡು ವರ್ಷದಲ್ಲಿ ಒಂಬತ್ತು ಕಾಗದ. ಹೈಸ್ಕೂಲಿಗೆಂದು ಅವಳನ್ನು ಶಿಕಾರಿಪುರದ ಹಾಸ್ಟೆಲಿಗೆ ಹಾಕಿದ ಮೇಲೆ ಅವು ನಿಂತವು. ಜಟ್ಟಪ್ಪ ಅಲ್ಲೇ ಯಾರನ್ನೋ ಕಟ್ಟಿಕೊಂಡನೆಂದು ಊರು ತೀರ್ಮಾನಿಸಿತು. ಸತ್ತವನಿಗೆ ಆ ಹೆಸರು ಹಚ್ಚಿದ್ದೂ ತಾನೇ. ಮೂಕಮ್ಮ ಯಾರಿಗೂ ಉತ್ತರ ಕೊಡಲಿಲ್ಲ. ಹಣೆಯ ಕುಂಕುಮ ಹಾಗೇ ಉಳಿಯಿತು. ಶ್ರೀಲತಾಳ ಮದುವೆಯಲ್ಲಿ ಮೊದಲ ಅರಿಸಿನ ಹಚ್ಚಿದ್ದು ಅದೇ ಕೈ. ತಣ್ಣಗಿನ ಅರಿಸಿನ ಕೆನ್ನೆಗೆ ತಾಗಿದಾಗ ಮದುಮಗಳು ಬೆಚ್ಚಿದ್ದನ್ನು ನೋಡಿ ಹೆಂಗಸರೆಲ್ಲ ನಕ್ಕಿದ್ದರು.

"ತಮಾಷೆ ಏನು ಗೊತ್ತಾ?" ಪರಮಶಿವಪ್ಪ ಕನ್ನಡಿ ಇನ್ನೂ ಕಣ್ಣಿಗಿಟ್ಟುಕೊಂಡಿದ್ದರು. "ಡಬ್ಬಿಯೊಳಗಿನ ಅಷ್ಟರಾಗೆ ಒಂದೂ ಖೋಟಾ ಇಲ್ಲ. ಇದ್ರಾಗೆ ಒಂದೂ ಅಸಲಿ ಇಲ್ಲ. ಯಾರೋ ಕೂತು ಒಂದೊಂದೇ ನೋಡಿ ಬೇರೆ ಮಾಡ್ಯಾರೆ. ಯಾರದಿದು?"

"ನಮ್ಮ ದೊಡ್ಡಮ್ಮಂದು."

"ಬಾಳ ಓದಿದೋರಾ?"

"ಹೆಬ್ಬೆಟ್ಟು."

ಅವರು ಕನ್ನಡಿ ಇಳಿಸಿದರು. ಆಮೇಲೆ ಆ ಒಂಬತ್ತನ್ನೂ ಕಣದಲ್ಲಿ ಮೊದಲಿದ್ದ ಹಾಗೇ ಮಡಚಿಟ್ಟು, "ಹಂಗಾದ್ರೆ ಅವರ ಕಣ್ಣು ನನ್ನ ಕಣ್ಣಿಗಿಂತ ಚಲೋ ಐತೆ ಬಿಡವ್ವಾ," ಎಂದು ಎದ್ದರು.

ಕಚೇರಿಯ ಬಾಗಿಲು ತೆರೆದು ಜನ ಬಂದರು. ಅವಳು ಅವರ ಪಹಣಿಗಳನ್ನು ಮಗುಚಿ ಇಟ್ಟಳು, ಚಿಲ್ಲರೆ ಕೊಟ್ಟಳು, ಒಬ್ಬ ತನ್ನ ತಂದೆಯ ಮರಣ ಪತ್ರದ ಐದು ಪ್ರತಿ ಕೇಳಿದರೆ ಏಳು ತೆಗೆದಳು. ಜನ ಕರಗಿದ ಒಂದು ಗಳಿಗೆಯಲ್ಲಿ ಸಂಸಾರದ ಸ್ಟ್ಯಾಂಪನ್ನು ಗಾಜಿನ ಮೇಲಿಟ್ಟಳು. ಪರದೆಯ ಮೇಲೆ ಅದು ಗೋಡೆಯಷ್ಟಾಯಿತು. ವೃತ್ತ ಅಂಚಿಗೆ ಬಂದು ನಿಂತಿತ್ತು, ಮೂಗಿನ ಮುಂದೆಯೇ ತುಂಡಾದ ದಾರಿಯ ಹಾಗೆ. ಅದರಾಚೆ ಬರೀ ಕಾಗದ. ಹಲ್ಲಿನಂಚಿನ ಪಕ್ಕದಲ್ಲಿ ಹೊಳೆಯುವ ಒಂದು ಪೊರೆ. ಅನ್ನದ ಅಗುಳು ಒಣಗಿದ್ದು. ಆ ಪೊರೆಯ ನಡುವೆ ಬಳೆ ಬಳೆಯಾಗಿ ಗೆರೆಗಳು. ಅದು ಹನ್ನೊಂದು ವರ್ಷದ ಹುಡುಗಿಯ ಹೆಬ್ಬೆರಳಿನ ಗುರುತು. ಶ್ರೀಲತಾ ತನ್ನ ಹೆಬ್ಬೆರಳನ್ನು ಪರದೆಯ ಮುಂದೆ ಹಿಡಿದಳು, ಆಮೇಲೆ ಯಾರಾದರೂ ನೋಡುತ್ತಿದ್ದಾರೇನೋ ಎಂದು ಇಳಿಸಿದಳು. ಇಷ್ಟು ವರ್ಷ ಗುಟ್ಟೆಂದು ತಾನು ಹೊತ್ತು ತಿರುಗಿದ್ದು ಆ ಪೌಡರ್ ಡಬ್ಬಿಯಲ್ಲಿ ತನ್ನ ಹೆಬ್ಬೆಟ್ಟಿನ ಸಮೇತ ಇತ್ತು. ಮೂಕಮ್ಮನಿಗೆ ಗೊತ್ತಿತ್ತು. ಯಾವಾಗಿನಿಂದ? ಗೊತ್ತಿದ್ದೂ ಊರಿನ ಮಾತನ್ನೆಲ್ಲ ನುಂಗಿಕೊಂಡು, ಗೊತ್ತಿದ್ದೂ ಕುಂಕುಮ ಇಟ್ಟುಕೊಂಡು, ಗೊತ್ತಿದ್ದೂ ನನ್ನನ್ನು ಹುಡುಗೀ ಎಂದು ಕರೆಯುತ್ತಾ?

ಒಂದು ಗಂಟೆಗೆ ಬಾಗಿಲು ಎಳೆದು ಸೊರಬದ ಬಸ್ಸು ಹತ್ತಿದಳು. ಜೋಳದ ಹೊಲಗಳು ಹಿಂದಕ್ಕೆ ಓಡಿದವು. ಶಿರಾಳಕೊಪ್ಪದ ಹತ್ತಿರ ತಾಳಗುಂದದ ದಾರಿಯ ಫಲಕ ಕಾಣಿಸಿತು. ಒಮ್ಮೆ ಮೂಕಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಕಂಬದ ಮೇಲಿನ ಹಳೇ ಬರಹವನ್ನು ಎಲ್ಲರೂ ಒಂದು ಸಲ ನೋಡಿ ಮುಂದಕ್ಕೆ ಹೋದರೆ, ಮೂಕಮ್ಮ ಬಹಳ ಹೊತ್ತು ನಿಂತಿದ್ದಳು. "ಓದೋಕೆ ನನಗೂ ಬರಲ್ಲ ದೊಡ್ಡಮ್ಮ, ಬಾ" ಎಂದು ಶ್ರೀಲತಾ ಕೈ ಹಿಡಿದೆಳೆದಿದ್ದಳು. "ತಡಿಯೇ. ಕೆತ್ತಿದೋನು ಎಲ್ಲೆಲ್ಲಿ ಕೈ ಸೋತು ನಿಂತಾನೆ ಅಂತ ನೋಡ್ತಿದೀನಿ" ಎಂದಿದ್ದಳು ಮೂಕಮ್ಮ. ಆವತ್ತು ಅದು ತಮಾಷೆಯಾಗಿ ಕಂಡಿತ್ತು. ಈಗ ಫಲಕ ಮರೆಯಾಗುವವರೆಗೂ ಹಿಂದಿರುಗಿ ನೋಡಿದಳು. ಅಕ್ಷರ ಬರುವವರು ಅಕ್ಷರ ಓದಿ ಮುಗಿಸಿಬಿಡುತ್ತಾರೆ. ಮುಗಿದ ಮೇಲೂ ನೋಡುತ್ತಾ ನಿಲ್ಲುವವರ ಮುಂದೆ ಏನನ್ನು ತಾನೇ ಬಚ್ಚಿಡುವುದು? ಸುರೇಶ ಹೋದ ದಿನ ಬಳೆ ಒಡೆಯಲು, ಹಣೆ ಒರೆಸಲು ಹೆಂಗಸರು ಮುಂದೆ ಬಂದಾಗ ಮೂಕಮ್ಮ ಅವರ ಕೈ ಹಿಡಿದು, "ಬಿಡ್ರೇ, ಅದಕ್ಕೆಂತ ಅವಸರ, ಸ್ನಾನಕ್ಕೆ ತಾನೇ ಹೋಗ್ತದೆ" ಎಂದಿದ್ದಳು. ಆ ಧೈರ್ಯ ಮುತ್ತೈದೆಯ ಸಲಿಗೆಯಿಂದ ಬಂದದ್ದು ಎಂದುಕೊಂಡಿದ್ದಳು ಶ್ರೀಲತಾ. ಅಲ್ಲ. ಆ ದಾರಿಯಲ್ಲಿ ಮುಂಚೆಯೇ ಒಬ್ಬಳೇ ನಡೆದುಹೋಗಿದ್ದವಳ ಮಾತು ಅದು.

ಸೊರಬದಲ್ಲಿ ಬಸ್ಸು ಬದಲಿಸಿ ಉಳವಿಯಲ್ಲಿ ಇಳಿದಾಗ ನಾಲ್ಕು ಗಂಟೆ. ಮೂಕಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಹಣೆಯಲ್ಲಿ ಅದೇ ಕುಂಕುಮ.

"ಬಂದ್ಯನೆ. ಊಟ?"

"ಆಯ್ತು ದೊಡ್ಡಮ್ಮ."

"ಸುಳ್ಳು ಹೇಳೋಕೆ ಯಾವತ್ತು ಬಂದದೆ ನಿಂಗೆ! ಹೂವಮ್ಮಾ, ಇವ್ಳಿಗೆ ಒಂದು ತಟ್ಟೆ ಹಾಕೇ."

ಹೂವಮ್ಮ ಅನ್ನದ ಪಾತ್ರೆಗಿಂತ ಮೊದಲು ಪ್ರಶ್ನೆ ತಂದಳು. "ಎಷ್ಟಂತೆ ಅಕ್ಕಾ? ಮೊಬೈಲಲ್ಲಿ ಹೇಳ್ದಂಗೇ ಬರ್ತದಾ?"

"ಏನೂ ಬರಲ್ವಂತೆ ಹೂವಮ್ಮ. ಬೆಲೆನೇ ಇಲ್ವಂತೆ."

"ಥೋ! ನಾನು ಮಿಕ್ಸಿ ಬಣ್ಣನೂ ನೋಡಿಟ್ಟಿದ್ದೆ," ಎಂದು ಅವಳು ನಗುತ್ತಾ ಸಾರು ಬಡಿಸಿ, ಕರುವಿಗೆ ಹುಲ್ಲು ಹಾಕಲು ಕೊಟ್ಟಿಗೆಯ ಕಡೆ ಹೋದಳು.

ಶ್ರೀಲತಾ ಡಬ್ಬಿಯನ್ನು ಮೂಕಮ್ಮನ ಮುಂದಿಟ್ಟಳು. ಅದರ ಪಕ್ಕದಲ್ಲಿ ಹಸಿರು ಕಣವನ್ನಿಟ್ಟಳು. ಎರಡು ತುತ್ತು ಉಂಡಳು. ಮೂರನೆಯದನ್ನು ಕಲಸಿ ಹಾಗೇ ಬಿಟ್ಟಳು.

"ಅದಕ್ಕೆ?" ಮೂಕಮ್ಮ ಗಲ್ಲದಿಂದಲೇ ಕಣವನ್ನು ತೋರಿಸಿದಳು.

"ಅವಕ್ಕೂ ಇಲ್ಲ. ಅವು ಖೋಟಾ ಅಂತೆ."

"ಯಾರಂದಿದ್ದು?"

"ಒಬ್ರು ಸಾಹುಕಾರ್ರು. ಸ್ಟ್ಯಾಂಪಿನ ವಿಷಯ ಎಲ್ಲ ಗೊತ್ತಿರೋರು."

"ಅವ್ನಿಗೆಂತ ಗೊತ್ತು," ಎಂದು ಮೂಕಮ್ಮ ಒಂದು ಬೀಜವನ್ನು ತಟ್ಟೆಗೆ ಟಣ್ಣನೆ ಹಾಕಿದಳು.

"ದೊಡ್ಡಮ್ಮ, ಅವನ್ನ ನಾನೇ..." ಎಷ್ಟು ವರ್ಷ ಪಾಠ ಮಾಡಿಕೊಂಡಿದ್ದ ವಾಕ್ಯ, ಮೂರು ಪದಕ್ಕೆ ಮುಗಿದುಹೋಯಿತು. "ನಿಂಗೆ ಯಾವಾಗ ಗೊತ್ತಾಯ್ತು? ಮುದ್ರೆ ನೋಡಿನಾ?"

"ಮುದ್ರೆ ನೋಡಿದ್ದು ಆಮೇಲೆ. ಅವನ ಕಾಗದದ ಮೇಲೆ ಸೂಜಿ ಹೊಲ್ದಂಗೆ ಕಪ್ಪು ಬಳೆ ದಾಟಿರ್ತಿತ್ತು, ನಿನ್ನ ಕಾಗದದ ಮೇಲೆ ದಾಟ್ತಿರ್ಲಿಲ್ಲ." ಮೂಕಮ್ಮ ಕೈ ನಿಲ್ಲಿಸಲಿಲ್ಲ. "ಇಸ್ಕೂಲಿಂದ ಬಂದ ಹುಡ್ಗಿ, ಚಳಿಗಾಲದ ಸಂಜೆ, ಪಾಟಿಚೀಲ ಹೊರಗೇ ಇಟ್ಟು, ಲಂಗದ ಸಮೇತ ತಲೆಗೆ ಎರಡು ಕೊಡ ನೀರು ಹುಯ್ಕಂಡು ಒಳಗೆ ಬಂದ್ರೆ, ಎಂತ ಆಗಿದೆ ಅಂತ ತಿಳಿಯೋಕೆ ಅಕ್ಷರ ಬರ್ಬೇಕನೆ?"

ಕೊಟ್ಟಿಗೆಯಲ್ಲಿ ಕರುವಿನ ಗಂಟೆ ಅಲ್ಲಾಡಿತು. ಶ್ರೀಲತಾಳಿಗೆ ತಾನು ಇನ್ನೂ ಒದ್ದೆಯಾಗಿಯೇ ನಿಂತಿದ್ದೇನೆ, ಲಂಗದಿಂದ ನೀರು ತೊಟ್ಟಿಕ್ಕುತ್ತಲೇ ಇದೆ ಅನ್ನಿಸಿತು. ಅಂದರೆ ಮೊದಲ ದಿನದಿಂದ. ಅಂದರೆ ಗುಟ್ಟು ಎಂಬುದು ಒಂದು ಗಳಿಗೆಯೂ ಇರಲಿಲ್ಲ.

"ಮತ್ತೆ ಕಾಗದ ಬಂತಾ ಅಂತ ಕೇಳ್ದೆಯಲ್ಲ!"

"ಹೇಳ್ತೀಯೇನೋ ಅಂತ ಕೇಳ್ದೆ. ಇಲ್ಲ ಅಂದೆ. ಮೊಣಕಾಲು ಗಡಗಡ ನಡುಗ್ತಿತ್ತು ನಿಂದು. ಈ ಕೂಸಿನ ಬಾಯಿಂದ ಆ ಮಾತು ಹೊರಡೋದು ಬ್ಯಾಡ ಅನ್ನಿಸ್ತು. ನೀ ಮಲಗಿದ್ ಮೇಲೆ ನಾನೂ ಹೋಗಿ ಹುಯ್ಕಂಡು ಬಂದೆ. ಅಷ್ಟೇ."

"ದಿನಾ ಕೇಳ್ತಿದ್ದೆ ಆಮೇಲೂ."

"ಕೇಳ್ದೇ ಇದ್ರೆ ನನಗೆ ತಿಳಿದದೆ ಅಂತ ನಿಂಗೆ ತಿಳೀತಿತ್ತು." ಅವಳು ಮೊದಲ ಬಾರಿಗೆ ತಲೆ ಎತ್ತಿ ನೋಡಿದಳು. ಬೊಚ್ಚುಬಾಯಿ ನಿಧಾನಕ್ಕೆ ಅಗಲವಾಯಿತು. "ಆಮೇಲೆ ನೀ ಓದಿದ್ಯಲ್ಲ ಒಂದು ದಿನ, ಇಲ್ಲೇ, ಈ ಕಂಬಕ್ಕೊರಗಿ. ಜೀವ ಇದ್ದಾಗ ಹಸು ಕೇಳ್ದ, ಮಳೆ ಕೇಳ್ದ. ನನ್ನ ಕಾಲುನೋವು ಒಂದ್ ದಿನನೂ ಕೇಳ್ದೋನಲ್ಲ ಪುಣ್ಯಾತ್ಮ. ಸತ್ತ ಮೇಲೆ ಕೇಳ್ದ."

ಅವಳು ನಕ್ಕಳು. ನಗುವಿನ ಕೊನೆಗೆ ಕಣ್ಣಿಂದ ಒಂದಿಷ್ಟು ನೀರು ಬಂದು ಸುಕ್ಕಿನಲ್ಲಿ ದಾರಿ ಹಿಡಿಯಿತು. ಒರೆಸಿಕೊಳ್ಳಲಿಲ್ಲ, ಕೈಯೆಲ್ಲ ಹುಣಸೆಹಣ್ಣು. ಮುಂಗೈಯಿಂದ ಕಣವನ್ನು ತನ್ನ ಕಡೆಗೆ ಎಳೆದುಕೊಂಡು, ಡಬ್ಬಿಯನ್ನು ಇವಳ ಕಡೆಗೆ ತಳ್ಳಿದಳು. "ಇದನ್ನ ಬೇಕಾದ್ರೆ ಆ ಸಾಹುಕಾರಂಗೆ ಕೊಡು. ಆಸೆಪಡ್ತಾನೇನೋ." ಆಮೇಲೆ ಮತ್ತೆ ಒಂದು ಹಣ್ಣು ಎತ್ತಿಕೊಂಡು, ಸಿಪ್ಪೆಯ ನಾರು ಬಿಡಿಸುತ್ತಾ, ಯಾವತ್ತೋ ಕೇಳಬೇಕೆಂದು ಇಟ್ಟುಕೊಂಡು ಈಗ ನೆನಪಾದ ಮಾತಿನ ಹಾಗೆ ಕೇಳಿದಳು:

"ಹತ್ತನೇದು ಯಾಕೆ ಬರೀಲಿಲ್ಲ ನೀನು?"

ಹಾಸ್ಟೆಲು, ಹೈಸ್ಕೂಲು ಎಂಬ ಪದಗಳು ಈ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಇಷ್ಟು ವರ್ಷ ಈ ಜಗಲಿಯಲ್ಲಿ ಈ ಹೆಂಗಸು ದಾರಿ ಕಾದದ್ದು ದೊಡ್ಡಪ್ಪನದಲ್ಲ, ತನ್ನ ಹತ್ತನೇ ಕಾಗದದ್ದು ಎಂದು ಶ್ರೀಲತಾಳಿಗೆ ಈಗ ಗೊತ್ತಾಗಿತ್ತು. ತಲೆ ತಗ್ಗಿಸಿದಳು. ತಟ್ಟೆಯ ಅಂಚಿನಲ್ಲಿ ಒಂದು ಅಗುಳು ಒಂಟಿಯಾಗಿ ಒಣಗಲು ಶುರುವಾಗಿತ್ತು. ಅದನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಅದು ಅಂಟಿಕೊಂಡಿತು.